ಬಸ್ ಹತ್ತಲಾಗದವರಿಗೆ ಡಾಕ್ಟರು ಸಿಗುವುದು ಹೇಗೆ?

ಘಾಟಿ ರಸ್ತೆಯ ಬಸ್ ಅಪಘಾತದಲ್ಲಿ ಬದುಕಿ ಉಳಿದವರೊಬ್ಬರನ್ನು ನೆನೆಸಿಕೊಳ್ಳಿ. ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿ ಮೂರು ತಿಂಗಳಾಗಿದೆ, ಊರಿನವರ ಕಣ್ಣಿಗೆ ಅವರು ಪೂರ್ತಿ ಗುಣ. ಆದರೆ ರಾತ್ರಿ ಎಲ್ಲೋ ಬ್ರೇಕ್ ಹಾಕಿದ ಸದ್ದಾದರೆ ಎದ್ದು ಕೂರುತ್ತಾರೆ. ಡೀಸೆಲ್ ವಾಸನೆಗೆ ಮೈ ಬೆವರುತ್ತದೆ. ಬಸ್ ಸ್ಟ್ಯಾಂಡ್ ದಾರಿ ಬಿಟ್ಟು ಸುತ್ತಿ ಬಳಸಿ ಮನೆ ಸೇರುತ್ತಾರೆ. ಮನೋವೈದ್ಯರಿಗೆ ತೋರಿಸಿ ಎಂದು ಯಾರೋ ಹೇಳಿದರು ಅನ್ನಿ. ಜಿಲ್ಲಾಸ್ಪತ್ರೆಗೆ ಹೋಗಲು ಇರುವುದು ಅದೇ ಬಸ್ಸು!

ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಮನುಷ್ಯನನ್ನು ಹೀಗೇ ಕಟ್ಟಿಹಾಕುತ್ತದೆ. ನೆನಪು ಕೆರಳಿಸುವ ಎಲ್ಲದರಿಂದಲೂ ದೂರ ಓಡಿಸುತ್ತದೆ, ಓಡಿದಷ್ಟೂ ಭಯ ಬಲಿಯುತ್ತದೆ. ಮನೆಯಲ್ಲೇ ಕುಳಿತು ಫೋನಿನಲ್ಲಿ, ವೀಡಿಯೊ ಕರೆಯಲ್ಲಿ ಪಡೆಯುವ ಚಿಕಿತ್ಸೆ ಇಂಥವರಿಗೇ ಹೆಚ್ಚು ಬೇಕು. ಆದರೆ ಅದರ ಬಗ್ಗೆ ನಮ್ಮಲ್ಲಿರುವ ನಂಬಿಕೆಗಳು ಅವರನ್ನು ಇನ್ನಷ್ಟು ದಿನ ಒಳಗೇ ಕೂರಿಸುತ್ತಿವೆ.

‘ಅದು ಯುದ್ಧಕ್ಕೆ ಹೋದ ಸೈನಿಕರಿಗೆ ಬರುವ ಕಾಯಿಲೆ.’

ವಿಯೆಟ್ನಾಂ ಯುದ್ಧ ಮುಗಿಸಿ ಬಂದ ಸೈನಿಕರ ಪಾಡು ಕಂಡ ಮೇಲೆಯೇ ಅಮೆರಿಕದ ಮನೋವೈದ್ಯರು 1980ರಲ್ಲಿ ಈ ಹೆಸರನ್ನು ತಮ್ಮ ಕೈಪಿಡಿಗೆ ಸೇರಿಸಿದ್ದು ನಿಜ. ಆದರೆ ಅಪಘಾತ, ಅತ್ಯಾಚಾರ, ಗಂಡನ ಹೊಡೆತ, ಭೂಕುಸಿತ, ಬಾಲ್ಯದ ದೌರ್ಜನ್ಯ, ಯಾವುದರಿಂದಲೂ ಇದು ಬರಬಹುದು. 2018ರಲ್ಲಿ ಕೊಡಗಿನ ಗುಡ್ಡ ಜರಿದಾಗ ಮನೆ ಕಳೆದುಕೊಂಡವರಿಗೂ ಬರಬಹುದು. ಹಾಗೆಂದು ಆಘಾತ ಕಂಡವರಿಗೆಲ್ಲ ಬರುವುದಿಲ್ಲ. ಜಗತ್ತಿನ ಸುಮಾರು ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ, ಅವರಲ್ಲಿ ಪಿಟಿಎಸ್‌ಡಿ ಆಗುವುದು ಶೇ 5.6ರಷ್ಟು ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣಗಳು ತಿಂಗಳು ದಾಟಿಯೂ ಬಿಡದಿದ್ದರೆ, ಕೆಲಸ ಸಂಸಾರ ಕೆಡುತ್ತಿದ್ದರೆ ತೋರಿಸಬೇಕು. ‘ಹಳೆಯದನ್ನೆಲ್ಲ ಮರೆತುಬಿಡು’ ಎನ್ನುವುದು ಚಿಕಿತ್ಸೆಯಲ್ಲ. ಮರೆಯಲು ಆಗದಿರುವುದೇ ಅವರ ಕಾಯಿಲೆ.

‘ಎದುರು ಕೂರದೆ ಮನಸ್ಸಿನ ಚಿಕಿತ್ಸೆ ಸಾಧ್ಯವೇ ಇಲ್ಲ.’

ಇದು ತಿಳಿದವರೂ ಆಡುವ ಮಾತು, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಈ ಕಾಯಿಲೆಗೆ ಹೆಚ್ಚು ಆಧಾರವಿರುವುದು ಮಾತಿನ ಚಿಕಿತ್ಸೆಗೆ. ಒಂದು ಬಗೆಯಲ್ಲಿ, ರೋಗಿ ಆ ಘಟನೆಯನ್ನು ಚಿಕಿತ್ಸಕರ ಜೊತೆಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ತಪ್ಪಿಸಿಕೊಳ್ಳುತ್ತಿದ್ದ ಜಾಗಗಳಿಗೆ ಹಂತ ಹಂತವಾಗಿ ಹೋಗುತ್ತಾರೆ. ಇನ್ನೊಂದರಲ್ಲಿ, ‘ಎಲ್ಲ ನನ್ನ ತಪ್ಪಿನಿಂದಲೇ ಆಯಿತು’ ಎಂಬಂಥ ಯೋಚನೆಗಳನ್ನು ಒಂದೊಂದಾಗಿ ಕೆದಕಿ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಈ ಎರಡೂ ಚಿಕಿತ್ಸೆಯನ್ನು ವೀಡಿಯೊ ಮೂಲಕ ಕೊಟ್ಟು, ಎದುರು ಕೂರಿಸಿ ಕೊಟ್ಟದ್ದರ ಜೊತೆ ಹೋಲಿಸಿ ನೋಡಿದ್ದಾರೆ. ಪರದೆಯ ಚಿಕಿತ್ಸೆ ಹಿಂದೆ ಬೀಳಲಿಲ್ಲ.

ಕೆಲವು ಸಲ ಅದೇ ಮೇಲು ಎಂದು ನನಗೆ ಅನ್ನಿಸುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಬಸ್ಸಿಲ್ಲ, ರೋಗಿಯ ಊರಿನಲ್ಲಿ ಇದೆ. ಇಯರ್‌ಫೋನ್ ಹಾಕಿಕೊಂಡು ನಿಲ್ದಾಣದ ತುದಿಯವರೆಗೆ ನಡೆಯುವಾಗ ಚಿಕಿತ್ಸಕರ ದನಿ ಕಿವಿಯಲ್ಲಿರುತ್ತದೆ. ಇವತ್ತು ಬಾಗಿಲ ಬಳಿ ನಿಂತು ಬರುವುದು, ಮುಂದಿನ ವಾರ ನಿಂತ ಬಸ್ಸಿನೊಳಗೆ ಎರಡು ನಿಮಿಷ ಕೂರುವುದು. ಭಯ ಹುಟ್ಟುವ ಜಾಗದಲ್ಲೇ ಭಯವನ್ನು ಪಳಗಿಸುವ ಕೆಲಸ ಇದು.

‘ಫೋನಿನಲ್ಲಿ ಕೇಳಿದರೆ ನಿದ್ದೆ ಮಾತ್ರೆ ಬರೆದು ಕಳಿಸುತ್ತಾರೆ, ಅಷ್ಟೆ.’

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೂರದಿಂದಲೇ ಔಷಧ ಬರೆಯಬಹುದು. ಆದರೆ ಏನನ್ನು ಬೇಕಾದರೂ ಅಲ್ಲ. ಮೊದಲ ಸಲ ನೋಡುವ ರೋಗಿಗೆ ಬರೆಯಬಹುದಾದ್ದು ಬೇರೆ, ಹಳೆಯ ರೋಗಿಗೆ ಮುಂದುವರಿಸಬಹುದಾದ್ದು ಬೇರೆ, ಬರೆಯಲೇಕೂಡದ ಔಷಧಗಳ ಪಟ್ಟಿಯೂ ಉಂಟು. ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು, ಕಾಣದಿದ್ದರೆ ಕೇಳಿ.

ಪಿಟಿಎಸ್‌ಡಿಗೆ ಹೆಚ್ಚಾಗಿ ಬಳಸುವುದು ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಮೊದಲಾದ ಮಾತ್ರೆಗಳನ್ನು. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಬಿಡುವಾಗ ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು. ಮೆಡಿಕಲ್ ಶಾಪಿನಲ್ಲಿ ಯಾರೋ ಕೊಟ್ಟ ಅಲ್ಪ್ರಜೋಲಾಮ್ ನುಂಗಿ ಮಲಗುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಅದು ಈ ಕಾಯಿಲೆಯನ್ನು ವಾಸಿಮಾಡುವ ಔಷಧವಲ್ಲ, ಚಟವಾಗುವ ಅಪಾಯ ಬೇರೆ.

‘ಹೇಳಿದ್ದೆಲ್ಲ ಊರಿಗೆ ಗೊತ್ತಾಗುತ್ತದೆ.’

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯುವ ಹೊಣೆಯನ್ನು ವೈದ್ಯರ ಮೇಲೆ ಹೊರಿಸಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ. ನಿಜವಾದ ತೊಡಕು ಮನೆಯೊಳಗಿದೆ. ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮೈದುನ, ಮಕ್ಕಳ ನಡುವೆ ಕುಳಿತು ಯಾವ ಹೆಣ್ಣುಮಗಳು ಅತ್ಯಾಚಾರದ ಮಾತು ಆಡಿಯಾಳು? ಹೊಡೆಯುವವನೇ ಪಕ್ಕದ ಕೋಣೆಯಲ್ಲಿದ್ದರೆ ವೀಡಿಯೊ ಕರೆಯಿಂದಲೇ ಅಪಾಯವಾದೀತು. ಅಂಥವರಿಗೆ ಗೆಳತಿಯ ಮನೆಯೋ ಆಸ್ಪತ್ರೆಯೋ ವಾಸಿ. ಚಿಕಿತ್ಸಕರು ‘ಈಗ ಎಲ್ಲಿ ಕುಳಿತಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ’ ಎಂದು ಮೊದಲೇ ಕೇಳುವುದು ಇದಕ್ಕೇ.

‘ದುಡ್ಡಿದ್ದವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರ.’

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಸ್ಮಾರ್ಟ್‌ಫೋನೂ ಬೇಕಿಲ್ಲ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ.

ಫೋನೊಂದಿದ್ದರೆ ಆಸ್ಪತ್ರೆಯೇ ಬೇಡ ಎಂದುಕೊಳ್ಳುವುದೂ ತಪ್ಪು. ಸಾಯುವ ಮಾತಾಡುವವರು, ಕುಡಿತ ಕೈಮೀರಿದವರು, ವಾಸ್ತವದ ಅರಿವೇ ತಪ್ಪಿದವರು ಎದುರಿಗೇ ಹೋಗಬೇಕು. ತುರ್ತಿದ್ದರೆ 108ಕ್ಕೆ ಕರೆ ಮಾಡಿ.

ನಿಮ್ಮ ಮನೆಯಲ್ಲೂ ಹಾಗೆ ರಾತ್ರಿ ಬೆಚ್ಚಿ ಏಳುವವರಿದ್ದರೆ, ಏನಾಯಿತು ಹೇಳು ಎಂದು ಒತ್ತಾಯಿಸಬೇಡಿ. ಅವರು ಒಪ್ಪಿದರೆ 14416 ಒತ್ತಿ ಫೋನನ್ನು ಅವರ ಕೈಗೆ ಕೊಡಿ. ನೀವು ಪಕ್ಕದಲ್ಲಿರಬೇಕೋ ಆಚೆ ಹೋಗಬೇಕೋ ಎಂದು ಅವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿ.