ಓದುಗನ ಅಪೇಕ್ಷೆ ಮತ್ತು ಗ್ರಂಥಸಂಗ್ರಹ

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವು 1969ರಲ್ಲಿ ಸಂಗ್ರಹಿಸಿದ ಗ್ರಂಥಗಳಲ್ಲಿ ಶೇಕಡಾ 40ರಷ್ಟು ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಲಿಲ್ಲವೆಂದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇಂತಹ ವ್ಯರ್ಥವ್ಯಯವನ್ನು ತಡೆಯಲು ರೂಪುಗೊಂಡುದೇ ಇ-ಪುಸ್ತಕಗಳ ಓದುಗಪ್ರೇರಿತ ಖರೀದಿ.

ಈ ಪದ್ಧತಿಯಲ್ಲಿ ಗ್ರಂಥಾಲಯವು ಇನ್ನೂ ಕೊಳ್ಳದ ಇ-ಪುಸ್ತಕಗಳ ವಿವರಗಳನ್ನೂ ತನ್ನ ಸೂಚಿಯಲ್ಲಿ ಸೇರಿಸುತ್ತದೆ. ಅವುಗಳ ವಿಷಯ, ಬೆಲೆಗಳ ಮೇರೆಯನ್ನು ಗ್ರಂಥಪಾಲಕನೇ ಗೊತ್ತುಪಡಿಸುತ್ತಾನೆ. ಕೆಲವು ನಿಮಿಷ ಪುಟ ತಿರುವಿದರೆ ಶುಲ್ಕವಿಲ್ಲ. ಒಪ್ಪಂದದ ಮಿತಿಯನ್ನು ಮೀರಿ ಓದಿದೊಡನೆ ಖರೀದಿ ತಾನಾಗಿಯೇ ನಡೆಯುತ್ತದೆ.

ಓದುಗನಿಗೆ ತನ್ನ ಗ್ರಂಥ ದೊರೆಯಬೇಕೆಂದು 1931ರಲ್ಲಿ ರಂಗನಾಥನ್ ಹೇಳಿದ ಸೂತ್ರ ಇಲ್ಲಿ ನೆರವೇರುತ್ತದೆ. ಗ್ರಂಥಕ್ಕೂ ತನ್ನ ಓದುಗ ದೊರೆಯಬೇಕೆಂಬುದು ಅವರದೇ ಮುಂದಿನ ಸೂತ್ರ. ಇಂದು ಯಾರೂ ತೆರೆಯದ ಇ-ಪುಸ್ತಕವನ್ನು ಮಾರಾಟಗಾರನು ಹಿಂತೆಗೆದುಕೊಂಡರೆ ನಾಳಿನ ಸಂಶೋಧಕನಿಗೆ ಅದು ಸೂಚಿಯಲ್ಲಿಯೂ ಕಾಣದು. ಆದುದರಿಂದ ಹಣದ ಒಂದು ಭಾಗವನ್ನು ಗ್ರಂಥಪಾಲಕನ ವಿವೇಚನೆಗೆ ಮೀಸಲಿಡುವುದು ಯುಕ್ತ.