ಹಕ್ಕಿಯ ಮೈ, ಡೈನೋಸಾರಿನ ಬಾಲ: ಆರ್ಕಿಯೊರಾಪ್ಟರ್ ಪ್ರಕರಣ

ಆರ್ಕಿಯೊರಾಪ್ಟರ್ ಎಂಬುದು ಚೀನಾದ ಲಿಯಾವೊನಿಂಗ್ ಪ್ರಾಂತ್ಯದಿಂದ ಬಂದ ಪಳೆಯುಳಿಕೆ. ಮೈ ಹಕ್ಕಿಯದು, ಬಾಲ ಡೈನೋಸಾರಿನದು. 1999ರಲ್ಲಿ ಅಮೆರಿಕದ ಟೂಸಾನ್ ನಗರದ ರತ್ನಮೇಳದಲ್ಲಿ ಅದು 80,000 ಡಾಲರಿಗೆ ಮಾರಾಟವಾಯಿತು. ಅದರ ಕುರಿತ ಪ್ರಬಂಧವನ್ನು ನೇಚರ್, ಸೈನ್ಸ್ ಎರಡೂ ಪತ್ರಿಕೆಗಳು ತಿರಸ್ಕರಿಸಿದವು. ನ್ಯಾಷನಲ್ ಜಿಯಾಗ್ರಫಿಕ್ ಮಾತ್ರ ಕಾಯಲಿಲ್ಲ. ಡೈನೋಸಾರಿಗೂ ಹಕ್ಕಿಗೂ ನಡುವಿನ ಕೊಂಡಿ ಸಿಕ್ಕಿತೆಂದು ನವೆಂಬರ್ ಸಂಚಿಕೆಯಲ್ಲಿ ಅಚ್ಚು ಹಾಕಿಯೇಬಿಟ್ಟಿತು.

ಗುಟ್ಟು ರಟ್ಟಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಪಳೆಯುಳಿಕೆಯಿರುವ ಕಲ್ಲು ಪದರವಾಗಿ ಸೀಳಿದಾಗ ಒಂದೇ ಮೂಳೆಯ ಗುರುತು ಎರಡೂ ಹೋಳುಗಳಲ್ಲಿ ಉಳಿಯುತ್ತದೆ. ಅದೇ ಬಾಲದ ಇನ್ನೊಂದು ಹೋಳು ಚೀನಾದ ತಜ್ಞ ಶೂ ಶಿಂಗ್ ಅವರಿಗೆ ಡಿಸೆಂಬರಿನಲ್ಲಿ ಸಿಕ್ಕಿತು. ಅಲ್ಲಿ ಬಾಲದ ಜೊತೆಗಿದ್ದದ್ದು ಹಕ್ಕಿಯ ಮೈಯಲ್ಲ, ಪುಟ್ಟ ಡೈನೋಸಾರಿನದು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಸಿ.ಟಿ. ಸ್ಕ್ಯಾನ್ ಕೂಡ ಬೇರೆ ಬೇರೆ ತುಂಡುಗಳ ಜೋಡಣೆಯನ್ನೇ ತೋರಿಸಿತು. ಇಡಿಯಾಗಿರುವ ಪಳೆಯುಳಿಕೆಗೆ ಬೆಲೆ ಹೆಚ್ಚು. ಅಂಟು ಹಚ್ಚಲು ಬೇರೆ ಕಾರಣ ಬೇಕಿಲ್ಲ.

ವಿಕಾಸವಾದವನ್ನು ಒಪ್ಪದವರು ಇಂದಿಗೂ ಈ ಪ್ರಕರಣವನ್ನು ಎತ್ತಿ ಆಡುತ್ತಾರೆ. ಈ ಒಂದು ಕಲ್ಲಿನ ಮಟ್ಟಿಗೆ ಅವರ ಅನುಮಾನ ನ್ಯಾಯವೇ. ಆದರೆ ಮೋಸವನ್ನು ಹಿಡಿದವರು ವಿಕಾಸವನ್ನು ಒಪ್ಪುವ ವಿಜ್ಞಾನಿಗಳೇ. ಜೋಡಣೆ ಸುಳ್ಳಾದರೂ ಮೂಳೆಗಳು ಅಸಲಿ. ಮುಂಭಾಗ ಯಾನೋರ್ನಿಸ್ ಎಂಬ ಪ್ರಾಚೀನ ಹಕ್ಕಿಯದು. ಬಾಲದ ಒಡೆಯನಿಗೆ 2000ರಲ್ಲಿ ಮೈಕ್ರೊರಾಪ್ಟರ್ ಎಂದು ಹೆಸರಿಡಲಾಯಿತು. 2003ರಲ್ಲಿ ವಿವರಿಸಲಾದ ಮೈಕ್ರೊರಾಪ್ಟರ್ ಮಾದರಿಗಳಲ್ಲಿ ಕೈಗಳಲ್ಲಷ್ಟೇ ಅಲ್ಲ, ಕಾಲುಗಳಲ್ಲೂ ಉದ್ದನೆಯ ಗರಿಗಳಿದ್ದವು. ನಾಲ್ಕು ರೆಕ್ಕೆಯ ಈ ಡೈನೋಸಾರ್ ಯಾವ ನಕಲಿಗಿಂತಲೂ ವಿಚಿತ್ರ.