ಸುಡದೆ ಹುಟ್ಟುವ ಬೂದಿ

ಜ್ವಾಲಾಮುಖಿ ಉಗುಳುವ ಬೂದಿ ಯಾವುದನ್ನೂ ಸುಟ್ಟು ಉಳಿದದ್ದಲ್ಲ. ಅಲ್ಲಿ ಸೌದೆಯಿಲ್ಲ, ಉರಿಯಿಲ್ಲ, ಉರಿಸಲು ಬೇಕಾದ ಗಾಳಿಯೂ ನೆಲದೊಳಗೆ ಇಲ್ಲ. ಆದರೂ ಇಂಗ್ಲಿಷಿನವರು ಅದನ್ನು ‘ಆ್ಯಶ್’ ಎಂದರು, ನಾವೂ ಬೂದಿ ಎಂದೇ ಕರೆದೆವು. ಬಣ್ಣ ಮತ್ತು ನುಣುಪು ನೋಡಿ ಇಟ್ಟ ಹೆಸರು ಅದು. ಹುಟ್ಟು ನೋಡಿದರೆ ಒಲೆಯ ಬೂದಿಗೂ ಅದಕ್ಕೂ ನಂಟೇ ಇಲ್ಲ.

ಸೌದೆಯ ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕ. ಉರಿಯುವಾಗ ಇವು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹೊರಟುಹೋಗುತ್ತವೆ. ಬೇರು ಮಣ್ಣಿನಿಂದ ಹೀರಿಕೊಂಡ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಹೆಚ್ಚಾಗಿ ಹಾಗೇ ಉಳಿಯುತ್ತವೆ. ಅದೇ ಒಲೆಯ ಬೂದಿ. ನೂರು ಕಿಲೋ ಒಣ ಸೌದೆಗೆ ಒಂದು ಕಿಲೋ ಆಸುಪಾಸು ಸಿಕ್ಕೀತು. ತೊಗಟೆ ಹೆಚ್ಚಿದ್ದರೆ ಇನ್ನೊಂದಿಷ್ಟು. ಇದರಲ್ಲಿನ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗಿ ಕ್ಷಾರವಾಗುತ್ತದೆ, ಜಿಡ್ಡಿನೊಡನೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ. ನಮ್ಮ ಅಜ್ಜಿಯರು ಪಾತ್ರೆ ಬೆಳಗಲು ಬೂದಿ ಬಳಸಿದ್ದರ ಹಿಂದಿನ ರಸಾಯನ ಇಷ್ಟೇ.

ಜ್ವಾಲಾಮುಖಿಯ ಕಥೆ ಬೇರೆ. ನೆಲದಾಳದ ಶಿಲಾರಸದಲ್ಲಿ ನೀರು, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಒತ್ತಡಕ್ಕೆ ಸಿಕ್ಕಿ ಕರಗಿರುತ್ತವೆ. ಶಿಲಾರಸ ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಅನಿಲಗಳು ಗುಳ್ಳೆಗಳಾಗಿ ಹಿಗ್ಗುತ್ತವೆ. ಅಂಟು ಹೆಚ್ಚಿರುವ ಶಿಲಾರಸದಲ್ಲಿ ಗುಳ್ಳೆಗೆ ನುಸುಳಿ ಹೋಗಲು ದಾರಿಯಿಲ್ಲ. ಕೊನೆಗೆ ಇಡೀ ನೊರೆಯೇ ಸಿಡಿದು ಚೂರಾಗುತ್ತದೆ, ಆ ಚೂರುಗಳು ಗಾಳಿಯಲ್ಲಿ ತಟ್ಟನೆ ತಣಿದು ಗಾಜಾಗುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಇವುಗಳಲ್ಲಿ ಹಲವು ಒಡೆದ ಬಳೆಚೂರಿನಂತೆ ಬಾಗಿ, ಅಂಚು ಹರಿತವಾಗಿ ಕಾಣುತ್ತವೆ. ಒಂದೊಂದೂ ಒಂದು ಗುಳ್ಳೆಯ ಗೋಡೆ. ಭೂವಿಜ್ಞಾನಿಗಳು ಜ್ವಾಲಾಮುಖಿ ಬೂದಿಯನ್ನು ಗುರುತಿಸುವುದು ಬರೀ ಗಾತ್ರದಿಂದ: ಸಿಡಿದ ಚೂರು 2 ಮಿಲಿಮೀಟರ್‌ಗಿಂತ ಚಿಕ್ಕದಿದ್ದರೆ ಅದು ಬೂದಿ.

ಈ ವ್ಯತ್ಯಾಸ ಪಂಡಿತರ ಚರ್ಚೆಗಷ್ಟೇ ಬೇಕಾದದ್ದು ಎನ್ನುವಂತಿಲ್ಲ. 1982ರ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಕ್ವಾಲಾಲಂಪುರದಿಂದ ಪರ್ತ್ ಕಡೆಗೆ ಹೊರಟಿತ್ತು. ಜಾವಾ ದ್ವೀಪದ ಬಳಿ ಅದು ಗಲುಂಗುಂಗ್ ಜ್ವಾಲಾಮುಖಿಯ ಬೂದಿಮೋಡದೊಳಗೆ ನುಗ್ಗಿತು. ಹವಾಮಾನ ರಾಡಾರ್ ನೀರಹನಿಗಳನ್ನು ಕಾಣಬಲ್ಲದು, ಒಣ ಬೂದಿಯನ್ನಲ್ಲ. ಮುಂಗಾಜಿನ ಸುತ್ತ ನೀಲಿ ಮಿಂಚು ಕುಣಿಯಿತು, ಸ್ವಲ್ಪ ಹೊತ್ತಿನಲ್ಲೇ ನಾಲ್ಕೂ ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು. ಜೆಟ್ ಎಂಜಿನ್ನಿನ ದಹನಕೋಣೆಯ ಶಾಖ ಈ ಗಾಜನ್ನು ಕರಗಿಸಲು ಧಾರಾಳ ಸಾಕು. ಕರಗಿದ ಗಾಜು ಹಿಂದಿರುವ ಟರ್ಬೈನ್ ಭಾಗಗಳ ಮೇಲೆ ಮತ್ತೆ ಗಟ್ಟಿಯಾಗಿ, ಗಾಳಿಯ ದಾರಿಯನ್ನೇ ಕಟ್ಟಿಹಾಕಿತು. 263 ಜನರನ್ನು ಹೊತ್ತ ವಿಮಾನ 37,000 ಅಡಿಯಿಂದ ತೇಲುತ್ತ ಇಳಿಯತೊಡಗಿತು. ಮೋಡದಿಂದ ಹೊರಬಂದು ಎಂಜಿನ್ ತಣಿದಾಗ ಅಂಟಿದ್ದ ಗಾಜು ಬಿರಿದು ಕಳಚಿತು, ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ಬೂದಿ ಉಜ್ಜಿ ಉಜ್ಜಿ ಮಬ್ಬಾಗಿದ್ದ ಮುಂಗಾಜಿನಲ್ಲಿ ಎದುರಿನದು ಸರಿಯಾಗಿ ಕಾಣದಿದ್ದರೂ ಕ್ಯಾಪ್ಟನ್ ಎರಿಕ್ ಮೂಡಿ ವಿಮಾನವನ್ನು ಜಕಾರ್ತದಲ್ಲಿ ಇಳಿಸಿದರು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಯುರೋಪಿನ ವಿಮಾನಗಳನ್ನು ದಿನಗಟ್ಟಲೆ ನೆಲದಲ್ಲೇ ಕೂರಿಸಿದ್ದು, 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿಯ ಬೂದಿಮೋಡ ನಮ್ಮ ದೇಶದವರೆಗೂ ತೇಲಿಬಂದಾಗ ಹಲವು ವಿಮಾನಗಳು ರದ್ದಾದದ್ದು ಇದೇ ಭಯದಿಂದ.

ಗಾಜು ಬೇಗ ಅಳಿಯುವುದೂ ಇಲ್ಲ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಜನ ಅಗೆದು ಸಾಗಿಸುತ್ತಿದ್ದ ಬಿಳಿ ಬೂದಿಯ ಪದರವೊಂದಿದೆ. ಅದು ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದಾಗ 2,600 ಕಿಲೋಮೀಟರ್ ದೂರ ಹಾರಿಬಂದದ್ದು. ಕೆಲವೆಡೆ ಎರಡು ಮೀಟರಿಗೂ ದಪ್ಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಈ ಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿತು. ಅಷ್ಟು ದೊಡ್ಡ ಸಿಡಿತದ ನಂತರವೂ ಅಲ್ಲಿ ಮನುಷ್ಯರ ಬದುಕು ನಡೆದಿತ್ತು ಎಂಬುದು ಅವರ ವಾದ. ಒಲೆಯ ಬೂದಿಯಾಗಿದ್ದರೆ ಅದರ ಕ್ಷಾರ ಮೊದಲ ಕೆಲವು ಮಳೆಗಾಲಗಳಲ್ಲೇ ಕರಗಿ ಹೋಗಿರುತ್ತಿತ್ತು.

ಇಲ್ಲಿಗೆ ಎರಡು ಬೂದಿಗಳ ಗಡಿ ಸ್ಪಷ್ಟವಾಯಿತು ಎನ್ನುವಷ್ಟರಲ್ಲಿ ಮೂರನೆಯದೊಂದು ಅಡ್ಡ ಬರುತ್ತದೆ.

ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿಯಿಲ್ಲ, ಕಲ್ಲಿದ್ದಲ ಗಣಿಯೂ ಇಲ್ಲ. ಬೂದಿಗೆ ಮಾತ್ರ ಬರವಿಲ್ಲ. 1985ರಲ್ಲಿ ವಿದ್ಯುತ್ ಉತ್ಪಾದಿಸತೊಡಗಿದ ರಾಯಚೂರಿನ ಶಕ್ತಿನಗರದ ಸ್ಥಾವರ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯದ್ದಾಯಿತು. ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ, ವಿದ್ಯುತ್ತು ತಂತಿಯೇರಿ ದೂರದೂರಿಗೆ ಹೋಗುತ್ತದೆ, ಬೂದಿ ಊರಿನವರ ಪಾಲಿಗೆ. ಅದೂ ಕಡಿಮೆಯೇನಲ್ಲ. ಭಾರತದ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಕೋಟ್ಯಂತರ ವರ್ಷಗಳ ಹಿಂದೆ ಗಿಡಮರಗಳು ಹೊಳೆಯ ಮಣ್ಣಿನೊಡನೆ ಕಲಸಿ ಹೂತುಹೋದದ್ದರ ಫಲ ಅದು. ಅಂದರೆ ಕುಲುಮೆಗೆ ಹೋಗುವುದರಲ್ಲಿ ಸುಮಾರು ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಮಿಕ್ಕಿ, ಮಣ್ಣು.

ಪುಡಿ ಮಾಡಿದ ಕಲ್ಲಿದ್ದಲು 1,300 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವಾಲೆಯಲ್ಲಿ ಕ್ಷಣಮಾತ್ರದಲ್ಲಿ ಉರಿದುಹೋಗುತ್ತದೆ. ಅದರೊಳಗಿನ ಜೇಡಿ ಕರಗಿ, ಮೇಲ್ಮೈ ಸೆಳೆತಕ್ಕೆ ದುಂಡಗಿನ ಹನಿಯಾಗಿ, ಹೊಗೆಯೊಡನೆ ಮೇಲೇರುವಾಗ ತಣಿದು ಗಾಜಿನ ಗೋಲಿಯಾಗುತ್ತದೆ. ಕೂದಲೆಳೆಗಿಂತ ಸಣ್ಣ ಈ ಗೋಲಿಗಳ ರಾಶಿಯೇ ಹಾರುಬೂದಿ. ಚಿಮಣಿಗೆ ಮುಂಚೆ ವಿದ್ಯುತ್ ಆವೇಶದ ತಟ್ಟೆಗಳು ಇದನ್ನು ಹಿಡಿಯುತ್ತವೆ. ಒಂದಕ್ಕೊಂದು ಅಂಟಿ ಭಾರವಾಗಿ ಕುಲುಮೆಯ ಬುಡಕ್ಕೆ ಬೀಳುವ ಒರಟು ಭಾಗ ತಳಬೂದಿ. ಒಟ್ಟು ಬೂದಿಯಲ್ಲಿ ಸುಮಾರು ಐದನೇ ಒಂದು ಪಾಲು. ಒಂದೇ ಕಲ್ಲಿದ್ದಲಿನ ಮಕ್ಕಳಾದರೂ ಇವೆರಡರ ಮಾರುಕಟ್ಟೆ ಬೇರೆ ಬೇರೆ.

ಸುಟ್ಟು ಉಳಿದದ್ದು ಎಂಬ ಅರ್ಥದಲ್ಲಿ ಹಾರುಬೂದಿ ಒಲೆಯ ಕಡೆಯದು, ಗಾಜು ಎಂಬ ಅರ್ಥದಲ್ಲಿ ಜ್ವಾಲಾಮುಖಿಯ ಕಡೆಯದು. ನನ್ನನ್ನು ಕೇಳಿದರೆ ಎರಡನೆಯ ನಂಟೇ ಗಟ್ಟಿ, ಏಕೆಂದರೆ ಅದರ ಗುಣವನ್ನು ತೀರ್ಮಾನಿಸುವುದು ಆ ಗಾಜೇ. ನೇಪಲ್ಸ್ ಬಳಿಯ ಪೊಟ್ಸುವೋಲಿಯ ಜ್ವಾಲಾಮುಖಿ ಬೂದಿಯನ್ನು ಸುಣ್ಣದೊಡನೆ ಕಲಸಿದರೆ ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ ಎಂದು ರೋಮನ್ನರು ಅರಿತಿದ್ದರು. ಇಂಥದೇ ಕಾಂಕ್ರೀಟಿನಲ್ಲಿ, ಕಬ್ಬಿಣದ ಸರಳಿಲ್ಲದೆ ಅವರು ಕಟ್ಟಿದ ಪ್ಯಾಂಥಿಯನ್‌ನ 43 ಮೀಟರ್ ಅಗಲದ ಗುಮ್ಮಟ ಇಂದಿಗೂ ನಿಂತಿದೆ. ಈ ಗಾಜಿನ ಮುಖ್ಯ ಭಾಗವಾದ ಸಿಲಿಕಾ ಮರಳಿನಲ್ಲೂ ಇದೆ, ಆದರೆ ಅಲ್ಲಿ ಅದರ ಪರಮಾಣುಗಳು ಸಾಲಾಗಿ ಬಿಗಿದುಕೊಂಡಿರುವುದರಿಂದ ಸುಣ್ಣಕ್ಕೆ ಬಗ್ಗುವುದಿಲ್ಲ. ಗಾಜಿನಲ್ಲಿ ಅವು ಅಸ್ತವ್ಯಸ್ತವಾಗಿರುತ್ತವೆ, ಹಾಗಾಗಿ ಸುಣ್ಣ ಅವನ್ನು ಬಿಡಿಸಿಕೊಂಡು ಕಲ್ಲಿನಂಥ ಹೊಸ ಸಂಯುಕ್ತ ಕಟ್ಟಬಲ್ಲದು. ಹಾರುಬೂದಿ ಮಾಡುವುದೂ ಇದನ್ನೇ. ಪೊಟ್ಸುವೋಲಿಯ ಹೆಸರು ಇಂದು ನಮ್ಮ ಸಿಮೆಂಟ್ ಚೀಲಗಳ ಮೇಲಿದೆ: ಪಿಪಿಸಿ ಎಂದರೆ ಪೋರ್ಟ್‌ಲೆಂಡ್ ಪೊಝೋಲಾನಾ ಸಿಮೆಂಟ್, ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರಬಹುದು. ತಳಬೂದಿಗೆ ಆ ಚುರುಕಿಲ್ಲ. ಅದು ಮರಳಿನ ಬದಲಿಗೆ, ರಸ್ತೆ ತುಂಬಲು, ಇಲ್ಲವೇ ಹೊಂಡ ಸೇರಲು.

ಹಾರುಬೂದಿಯೆಲ್ಲವೂ ಸಿಮೆಂಟಿಗೆ ಒಗ್ಗುವುದಿಲ್ಲ. ಕುಲುಮೆ ಸರಿಯಾಗಿ ಉರಿಯದಿದ್ದರೆ ಗಾಜಿನ ಗೋಲಿಗಳ ನಡುವೆ ಇದ್ದಿಲ ಕಣಗಳು ಉಳಿದು, ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕಗಳನ್ನು ಹೀರಿಬಿಡುತ್ತವೆ. ಹಾಗಾಗಿ ಪ್ರಯೋಗಾಲಯದಲ್ಲಿ ಬೂದಿಯನ್ನೇ ಮತ್ತೊಮ್ಮೆ ಸುಟ್ಟು, ಎಷ್ಟು ತೂಕ ಕಳೆಯಿತೆಂದು ನೋಡುತ್ತಾರೆ. ಭಾರತೀಯ ಮಾನಕದ ಪ್ರಕಾರ ಅದು ನೂರಕ್ಕೆ 5 ಪಾಲು ಮೀರುವಂತಿಲ್ಲ.